9 ಎಂಎಂ ಕೇಸ್ ಫೀಡರ್: ಕೇಸ್ ತಲೆಕೆಳಗಾಗಿ ಇಳಿಯುತ್ತಿದೆ, ಮೋಟಾರ್ ನಿಲ್ಲುತ್ತಿಲ್ಲ

ಹಿತ್ತಾಳೆ_ಡಬ್ಬಿ

ನಮಸ್ಕಾರ. ಅಮೆರಿಕದಲ್ಲಿದ್ದು ರೀಲೋಡಿಂಗ್ (ಗುಂಡು ಹಾರಿದ ಖಾಲಿ ಹಿತ್ತಾಳೆ ಕೇಸನ್ನು ಮತ್ತೆ ತೋಟೆ ಮಾಡುವುದು) ಮಾಡುವವರು ಇಲ್ಲಿ ಕೆಲವರಿದ್ದೀರಿ ಎಂದು ಕೇಳುತ್ತಿದ್ದೇನೆ.

ಪ್ರೆಸ್ ಐದು ಸ್ಟೇಷನ್ನಿನ ಪ್ರೋಗ್ರೆಸಿವ್ (ಒಂದು ಎಳೆತಕ್ಕೆ ಪ್ರತಿ ಸ್ಟೇಷನ್ನಿನಲ್ಲೂ ಒಂದೊಂದು ಕೆಲಸ ಆಗುವಂಥದ್ದು), ಕೇಸುಗಳನ್ನು ಹಿಡಿಯುವ ಶೆಲ್‌ಪ್ಲೇಟ್ ತಾನಾಗಿ ತಿರುಗುತ್ತದೆ. ಕೈಯಲ್ಲಿ ಒಂದೊಂದೇ ಕೇಸ್ ಇಡುತ್ತಿದ್ದಾಗ ತೊಂದರೆ ಇರಲಿಲ್ಲ. ಈಗ ಮೇಲೆ ಮೋಟಾರಿನ ಕೇಸ್ ಫೀಡರ್ ಕೂರಿಸಿದ್ದೇನೆ. ಓರೆಯಾಗಿ ನಿಲ್ಲುವ ಪ್ಲಾಸ್ಟಿಕ್ ಬೋಗುಣಿ, ಅದರೊಳಗೆ ಅಂಚಿನಲ್ಲಿ ಕಚ್ಚುಗಳಿರುವ ತಿರುಗುವ ತಟ್ಟೆ, ಅಲ್ಲಿಂದ ಕೆಳಕ್ಕೆ ಪಾರದರ್ಶಕ ಕೊಳವೆ, ಕೊಳವೆಯ ತಲೆಯಲ್ಲಿ ಮೈಕ್ರೋಸ್ವಿಚ್, ಬುಡದಲ್ಲಿ ಕೇಸನ್ನು ಒಂದನೇ ಸ್ಟೇಷನ್ನಿಗೆ ತಳ್ಳುವ ಸ್ಲೈಡ್. 9 ಎಂಎಂ ಲೂಗರ್ ಬಿಟ್ಟು ಬೇರೇನೂ ಲೋಡ್ ಮಾಡುವುದಿಲ್ಲ. ಕೇಸ್‌ಗಳೆಲ್ಲ ಶೂಟಿಂಗ್ ರೇಂಜಿನಲ್ಲಿ ಹೆಕ್ಕಿದವು, ಹೆಡ್‌ಸ್ಟ್ಯಾಂಪ್ (ಬುಡದ ಮೇಲಿನ ಕಂಪನಿ ಗುರುತು) ಹತ್ತಾರು ಬಗೆಯವು. ಸ್ಟೀಲ್ ಪಿನ್ ಹಾಕಿ ನೀರಿನಲ್ಲಿ ತೊಳೆದು ಒಣಗಿಸಿ, ಜಾರಲೆಂದು ಲ್ಯಾನೋಲಿನ್ (ಉಣ್ಣೆಯ ಜಿಡ್ಡು) ಸ್ಪ್ರೇ ಹೊಡೆಯುತ್ತೇನೆ.

ತೊಂದರೆ ಮೂರು. ಆಗಾಗ ಒಂದೊಂದು ಕೇಸ್ ಬಾಯಿ ಕೆಳಗಾಗಿ ಕೊಳವೆಗೆ ಇಳಿಯುತ್ತದೆ. ಮೋಟಾರಿನದು ಇನ್ನೊಂದು ರಗಳೆ: ಕೊಳವೆ ತುಂಬಿದರೂ ಒಮ್ಮೊಮ್ಮೆ ನಿಲ್ಲುವುದಿಲ್ಲ, ಒಮ್ಮೊಮ್ಮೆ ಕೊಳವೆ ಅರ್ಧ ಖಾಲಿಯಾದರೂ ಶುರುವಾಗುವುದಿಲ್ಲ. ಮೂರನೆಯದಾಗಿ, ಶೆಲ್‌ಪ್ಲೇಟಿಗೆ ಬಂದ ಕೇಸ್ ತುಸು ಓರೆಯಾಗಿ ನಿಂತು ಸೈಜಿಂಗ್ ಡೈಯ (ಉಬ್ಬಿದ ಕೇಸನ್ನು ಮೂಲ ಅಳತೆಗೆ ತರುವ ಅಚ್ಚು) ಅಂಚಿಗೆ ಬಡಿಯುತ್ತದೆ, ಬಾಯಿ ನೆಗ್ಗುತ್ತದೆ.

ಯಾವುದನ್ನು ಮೊದಲು ಮುಟ್ಟಲಿ? ಬೋಗುಣಿಗೆ ಒಂದು ಸಲಕ್ಕೆ ಎಷ್ಟು ಕೇಸ್ ಹಾಕಬೇಕು? ಕಂಡ ಸ್ಕ್ರೂಗಳನ್ನೆಲ್ಲ ತಿರುಗಿಸಿ ಕೆಡಿಸುವ ಮುಂಚೆ ಕೇಳೋಣ ಅನ್ನಿಸಿತು.

ಬುಡದಿಂದ_ಬನ್ನಿ

ಮೂರನ್ನೂ ಒಟ್ಟಿಗೆ ಹಿಡಿಯಬೇಡಿ ಸರ್. ಕೇಸ್ ಮೇಲಿನಿಂದ ಕೆಳಕ್ಕೆ ಬರುತ್ತದೆ, ಹೊಂದಿಸುವ ಕೆಲಸ ಮಾತ್ರ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಶೆಲ್‌ಪ್ಲೇಟಿನಲ್ಲಿ ಕೇಸ್ ತಡೆದರೆ ಹ್ಯಾಂಡಲ್ ಜಗ್ಗುತ್ತೀರಿ, ಪ್ರೆಸ್ ಅಲುಗುತ್ತದೆ, ಉದ್ದ ಕಂಬದ ತುದಿಯಲ್ಲಿರುವ ಬೋಗುಣಿ ಅದರ ಎರಡರಷ್ಟು ಅಲುಗುತ್ತದೆ. ಕಚ್ಚಿನಲ್ಲಿ ನೆಟ್ಟಗೆ ಮಲಗಿದ್ದ ಕೇಸೂ ಆಗ ಮಗುಚುತ್ತದೆ. ಬುಡದ ದೋಷ ಇಟ್ಟುಕೊಂಡು ಬೋಗುಣಿ ಹೊಂದಿಸಿದರೆ ಆ ಕೆಲಸವನ್ನು ಎರಡನೇ ಸಲ ಮಾಡಬೇಕಾಗುತ್ತದೆ. ಆದ್ದರಿಂದ ನಿಮ್ಮ ಮೂರನೇ ತೊಂದರೆಯೇ ಮೊದಲು.

ಫೀಡರಿನ ಪ್ಲಗ್ ಕೀಳಿ. ಪ್ರೈಮರ್ (ಕಿಡಿ ಹೊತ್ತಿಸುವ ಬುಡದ ಸಣ್ಣ ಬಟ್ಟಲು) ಮತ್ತು ಪೌಡರ್ (ಮದ್ದು) ಎರಡನ್ನೂ ಪ್ರೆಸ್ಸಿನಿಂದ ಪೂರ್ತಿ ಖಾಲಿ ಮಾಡಿ, ಡೈಗಳನ್ನೂ ತೆಗೆಯಿರಿ. ಒಂದೇ ಹೆಡ್‌ಸ್ಟ್ಯಾಂಪಿನ, ನೆಗ್ಗಿಲ್ಲದ ಹತ್ತು ಕೇಸ್ ಆರಿಸಿ ಕೊಳವೆಗೆ ಕೈಯಿಂದ ಹಾಕಿ. ಪರೀಕ್ಷೆಗೆ ಅವು ಸಾಕು.

ಶೆಲ್‌ಪ್ಲೇಟಿನ ನಡುವಿನ ಬೋಲ್ಟ್‌ನಿಂದ ಶುರು ಮಾಡಿ. ಅದು ಸಡಿಲವಾಗಿದ್ದರೆ ಶೆಲ್‌ಪ್ಲೇಟ್ ಒಂದು ಬದಿಗೆ ಏಳುತ್ತದೆ, ಕೇಸ್ ಒಳಗೆ ಜಾರುವ ಎತ್ತರ ಪ್ರತಿ ಸಲವೂ ಬೇರೆಯಾಗುತ್ತದೆ. ಶೆಲ್‌ಪ್ಲೇಟ್ ಕೈಗೆ ಬಿಗಿ ಎನಿಸುವವರೆಗೆ ಬೋಲ್ಟ್ ತಿರುಗಿಸಿ, ಅಲ್ಲಿಂದ ಸುತ್ತಿನ ಎಂಟನೇ ಒಂದು ಭಾಗ ಹಿಂದಕ್ಕೆ ಬಂದು, ಪಕ್ಕದ ಸಣ್ಣ ಲಾಕ್ ಸ್ಕ್ರೂ ಬಿಗಿಯಿರಿ. ಲಾಕ್ ಸ್ಕ್ರೂ ಮರೆತರೆ ಇನ್ನೂರು ಮುನ್ನೂರು ಸಲ ಹ್ಯಾಂಡಲ್ ಎಳೆಯುವುದರೊಳಗೆ ಬೋಲ್ಟ್ ತಾನೇ ಬಿಚ್ಚಿಕೊಳ್ಳುತ್ತದೆ.

ಆಮೇಲೆ ಸ್ಲೈಡ್. ಹ್ಯಾಂಡಲನ್ನು ಪೂರ್ತಿ ಮೇಲೆ ನಿಲ್ಲಿಸಿ, ಅಂದರೆ ರಾಮ್ (ಶೆಲ್‌ಪ್ಲೇಟನ್ನು ಎತ್ತುವ ಕಂಬ) ಪೂರ್ತಿ ಕೆಳಗಿರಲಿ. ಒಂದನೇ ಸ್ಟೇಷನ್ನಿನಲ್ಲಿ ಕೇಸೊಂದನ್ನು ಕೈಯಿಂದ ಹಿಂದಿನ ಗೋಡೆಗೆ ತಾಗುವಂತೆ ಕೂರಿಸಿ. ಸ್ಲೈಡನ್ನು ನಡೆಸುವ ಕ್ಯಾಮ್ ಪಟ್ಟಿಯ ಸ್ಕ್ರೂ ಸಡಿಲಿಸಿ, ಸ್ಲೈಡಿನ ಮೂತಿ ಆ ಕೇಸಿಗೆ ಮುಟ್ಟುವ ಜಾಗಕ್ಕೆ ತಂದು ಬಿಗಿಯಿರಿ. ಅಳತೆಗೆ ನೋಟ್‌ಬುಕ್ಕಿನ ಹಾಳೆಯ ಒಂದು ಚೂರು ಸಾಕು: ಮೂತಿಗೂ ಕೇಸಿಗೂ ನಡುವೆ ಅದು ಹಗುರವಾಗಿ ಹಿಡಿದುಕೊಳ್ಳಬೇಕು, ಎಳೆದರೆ ಹರಿಯದೆ ಬರಬೇಕು. ಸಲೀಸಾಗಿ ಬಂದರೆ ಸ್ಲೈಡ್ ಪೂರ್ತಿ ತಳ್ಳುತ್ತಿಲ್ಲ, ಕೇಸ್ ಅರ್ಧ ಹೊರಗೆ ನಿಂತು ವಾಲುತ್ತದೆ, ನಿಮಗೆ ಆಗುತ್ತಿರುವುದು ಬಹುಶಃ ಇದೇ. ಹಾಳೆ ಹರಿದರೆ ಸ್ಲೈಡ್ ಅತಿಯಾಗಿ ಒತ್ತುತ್ತಿದೆ, ಕೇಸ್ ಹಿಂದಿನ ಗೋಡೆಗೆ ಬಡಿದು ಪುಟಿಯುತ್ತದೆ, ಜೊತೆಗೆ ಕ್ಯಾಮ್ ಬೇಗ ಸವೆಯುತ್ತದೆ.

ಒಂದನೇ ಸ್ಟೇಷನ್ನಿನ ಪಕ್ಕದಲ್ಲಿ ಕೇಸನ್ನು ನೆಟ್ಟಗೆ ಹಿಡಿಯುವ ಸಣ್ಣ ಪಟ್ಟಿ ಅಥವಾ ಸ್ಪ್ರಿಂಗ್ ಇರುತ್ತದೆ. ಅದು ಬಗ್ಗಿದ್ದರೆ ಸ್ಲೈಡ್ ಎಷ್ಟೇ ಸರಿಯಿದ್ದರೂ ಕೇಸ್ ಓರೆಯೇ. ಪಟ್ಟಿಯ ಕೆಳಗೆ ಸುಟ್ಟ ಪ್ರೈಮರಿನ ಮಸಿ ಗಟ್ಟಿಯಾಗಿ ಕೂತಿರುತ್ತದೆ, ಬಿಚ್ಚಿ ಒರೆಸಿ. ಒಮ್ಮೊಮ್ಮೆ ಇಡೀ ರೋಗ ಅಷ್ಟೇ ಆಗಿರುತ್ತದೆ.

ಈಗ ಹ್ಯಾಂಡಲನ್ನು ತೀರಾ ನಿಧಾನವಾಗಿ ಇಳಿಸಿ ಏರಿಸಿ. ಕೇಸ್ ಕೊಳವೆಯಿಂದ ಅದರ ಬುಡದ ತೋಳಿಗೆ ಯಾವಾಗ ಬೀಳುತ್ತದೆ, ತೋಳಿನಿಂದ ಸ್ಲೈಡಿನ ಮುಂದೆ ಯಾವಾಗ ಬರುತ್ತದೆ, ಕಣ್ಣಿಟ್ಟು ನೋಡಿ. ತೋಳಿನಲ್ಲಿ ಕ್ಯಾಲಿಬರಿಗೆ ತಕ್ಕ ಅಡಾಪ್ಟರ್ ಇರಬೇಕು. .45 ತೋಟೆಯ ದಪ್ಪನೆಯದನ್ನು ಹಾಕಿದ್ದರೆ 9 ಎಂಎಂ ಕೇಸ್ ಅದರೊಳಗೆ ವಾಲಿಕೊಂಡೇ ಬರುತ್ತದೆ. ಹ್ಯಾಂಡಲನ್ನು ಎರಡೂ ತುದಿಗೆ ಮುಟ್ಟಿಸುವ ಅಭ್ಯಾಸ ಬೇಕು, ಅರ್ಧಕ್ಕೇ ವಾಪಸ್ ತಿರುಗಿಸಿದರೆ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ.

ಹತ್ತು ಕೇಸೂ ತಪ್ಪದೆ ಕೂರಲು ಶುರುವಾದ ಮೇಲೆ ಸೈಜಿಂಗ್ ಡೈ ವಾಪಸ್ ಹಾಕಿ. ಪ್ರೋಗ್ರೆಸಿವ್‌ಗೆಂದೇ ಮಾಡಿದ ಡೈಯ ಬಾಯಿ ಒಳಕ್ಕೆ ದುಂಡಗೆ ಇಳಿಜಾರಾಗಿರುತ್ತದೆ, ಕೂದಲೆಳೆಯಷ್ಟು ಓರೆಯಾದ ಕೇಸನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಸಿಂಗಲ್ ಸ್ಟೇಜಿನ (ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಪ್ರೆಸ್ಸಿನ) ಹಳೆಯ ಡೈಗಳಲ್ಲಿ ಆ ಇಳಿಜಾರು ಕಡಿಮೆ. ಪ್ರೈಮರ್ ತಳ್ಳುವ ಡಿಕ್ಯಾಪಿಂಗ್ ಪಿನ್ ಬಗ್ಗಿದೆಯೇ ನೋಡಿ. ಬಗ್ಗಿದ ಪಿನ್ ಕೇಸಿನ ಬಾಯಿಗೆ ಬಡಿದರೂ ಇದೇ ತರಹದ ನೆಗ್ಗು ಬೀಳುತ್ತದೆ, ಜನ ಫೀಡರಿಗೆ ಬೈಯುತ್ತಾರೆ.

ಇನ್ನು ಸ್ವಿಚ್. ನಿಲ್ಲದಿರುವುದು, ಶುರುವಾಗದಿರುವುದು, ಎರಡಕ್ಕೂ ಮೂಲ ಒಂದೇ ಇರಬಹುದು. ಕೊಳವೆ ತುಂಬಿ ಮೇಲಿನ ಕೇಸ್ ಲಿವರನ್ನು ಒತ್ತಿದರೆ ಮೋಟಾರ್ ನಿಲ್ಲುತ್ತದೆ, ಸಾಲು ಇಳಿದು ಲಿವರ್ ಬಿಟ್ಟುಕೊಂಡರೆ ಮತ್ತೆ ತಿರುಗುತ್ತದೆ. 9 ಎಂಎಂ ಕೇಸಿನ ಬುಡದಲ್ಲಿ ಎಕ್ಸ್‌ಟ್ರಾಕ್ಟರ್ ತೋಡು (ಬಂದೂಕಿನ ಕೊಕ್ಕೆ ಕೇಸನ್ನು ಹಿಡಿದೆಳೆಯುವ ಜಾಗ) ಇದೆಯಲ್ಲ, ಅಂಚಿಗಿಂತ ಸುಮಾರು 0.6 ಮಿ.ಮೀ. ಒಳಗೆ. ಲಿವರಿನ ತುದಿ ಸರಿಯಾಗಿ ಆ ತೋಡಿನೊಳಗೆ ಕೂತರೆ ಸ್ವಿಚ್ ಒತ್ತಿಕೊಳ್ಳುವುದೇ ಇಲ್ಲ, ಕೊಳವೆ ತುಂಬಿದ್ದರೂ ಮೋಟಾರ್ ತಿರುಗುತ್ತಲೇ ಇರುತ್ತದೆ. "ಒಮ್ಮೊಮ್ಮೆ ಮಾತ್ರ" ಏಕೆ? ರೇಂಜಿನ ಕೇಸ್‌ಗಳ ಉದ್ದ ಒಂದೇ ಸಮ ಇರುವುದಿಲ್ಲ. ಗರಿಷ್ಠ 0.754 ಇಂಚು (19.15 ಮಿ.ಮೀ.) ಇರಬೇಕಾದ ಕೇಸ್ ಗುಂಡು ಹಾರಿದ ಮೇಲೆ ಅದಕ್ಕಿಂತ ಚೂರು ಗಿಡ್ಡವಾಗಿಯೇ ಸಿಗುತ್ತದೆ. 40 ಸೆಂ.ಮೀ. ಕೊಳವೆಯಲ್ಲಿ ಇಪ್ಪತ್ತು ಚಿಲ್ಲರೆ ಕೇಸ್ ನಿಲ್ಲುತ್ತವೆ. ಒಂದೊಂದರಲ್ಲಿ 0.2 ಮಿ.ಮೀ. ವ್ಯತ್ಯಾಸ ಎಂದರೂ ಸಾಲಿನ ತುದಿ 4 ಮಿ.ಮೀ. ಅತ್ತಿತ್ತ ಆಗುತ್ತದೆ. ಹಾಗಾಗಿ ತೋಡು ಲಿವರಿನ ಎದುರಿಗೆ ಬರುವುದೂ ಬಾರದಿರುವುದೂ ಅದೃಷ್ಟದ ಮಾತು.

ಲಿವರನ್ನು ಒಳಕ್ಕೆ ಅತಿಯಾಗಿ ಬಗ್ಗಿಸಿದರೆ ತಿರುಗುಮುರುಗು. ಒಂದು ಕೇಸ್ ಲಿವರಿನ ಮೇಲೆಯೇ ನೇತುಹಾಕಿಕೊಳ್ಳುತ್ತದೆ. ಅದರ ತೂಕ 4 ಗ್ರಾಮ್ ಆಸುಪಾಸು, ಸ್ಪ್ರಿಂಗನ್ನು ಸೋಲಿಸಿ ಬೀಳಲು ಸಾಲದು. ಕೆಳಗೆ ಕೊಳವೆ ಖಾಲಿಯಾಗುತ್ತದೆ, ಸ್ವಿಚ್ ಮಾತ್ರ ತುಂಬಿದೆ ಎಂದೇ ಹೇಳುತ್ತಿರುತ್ತದೆ.

ಪ್ಲಗ್ ಕಿತ್ತೇ ಇರಲಿ. ಮಲ್ಟಿಮೀಟರನ್ನು ಬೀಪ್ ಮೋಡಿನಲ್ಲಿ ಸ್ವಿಚ್ಚಿಗೆ ಹಚ್ಚಿ, ಎರಡು ಕೇಸುಗಳನ್ನು ಒಂದರ ಮೇಲೊಂದು ಇಟ್ಟು, ಮರದ ಕಡ್ಡಿಯಿಂದ ನಿಧಾನವಾಗಿ ಲಿವರಿನ ಮುಂದೆ ಮೇಲೆ ಕೆಳಗೆ ಸರಿಸಿ. ತೋಡಿನ ಎದುರಿನಲ್ಲೂ ಸ್ವಿಚ್ ಒತ್ತಿದ ಹಾಗೇ ಇರಬೇಕು, ಕೇಸ್ ದಾಟಿದ ಕೂಡಲೇ ಬಿಡಬೇಕು, ಒಂಟಿ ಕೇಸ್ ತನ್ನ ತೂಕದಲ್ಲೇ ಲಿವರ್ ದಾಟಿ ಬೀಳಬೇಕು. ಮೂರೂ ಕೂಡಿ ಬರುವ ಜಾಗ ತೀರಾ ಸಣ್ಣದು, ಚೂಪು ಮೂತಿಯ ಇಕ್ಕಳದಲ್ಲಿ ಒಂದು ಸಲಕ್ಕೆ ಅರ್ಧ ಮಿ.ಮೀ.ಗಿಂತ ಹೆಚ್ಚು ಬಗ್ಗಿಸಬೇಡಿ. ಲಿವರಿನ ತುದಿ ಚೂಪಾಗಿದ್ದರೆ ಅದನ್ನು ಚಿಕ್ಕ ಕುಣಿಕೆಯಂತೆ ಮಡಚಿ; ಅಗಲವಾದ ತುದಿ ತೋಡಿಗೆ ಇಳಿಯುವುದಿಲ್ಲ.

ಬೋಗುಣಿಯ ವಿಷಯ ಬೇರೆಯವರು ಹೇಳಲಿ, ನನ್ನ ಬೆರಳು ಸೋತಿತು.

ಸಗಣಿಹಳ್ಳಿ_ಶೂಟರ್

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ತಲೆಕೆಳಗಾಗುವುದಕ್ಕೆ ನಾನು ಮೊದಲು ಅನುಮಾನಪಡುವುದು ಮಷೀನನ್ನಲ್ಲ, ಬಕೆಟ್ಟಿನಲ್ಲಿರುವ ಹಿತ್ತಾಳೆಯನ್ನು.

ಹೆಚ್ಚಿನ ಫೀಡರ್‌ಗಳಲ್ಲಿ ಕೇಸ್ ಕಚ್ಚಿನೊಳಗೆ ಅಡ್ಡ ಮಲಗಿ ಮೇಲಕ್ಕೆ ಬರುತ್ತದೆ. ಬೀಳುವ ಜಾಗದಲ್ಲಿ ಅದಕ್ಕೆ ನಡುವೆ ಮಾತ್ರ ಆಸರೆ. ಬುಡದ ಕಡೆ ಲೋಹ ದಪ್ಪ, ಅದೇ ಭಾರ, ಆದ್ದರಿಂದ ಬುಡವೇ ಮೊದಲು ಜಾರುತ್ತದೆ. ಇಡೀ ಉಪಾಯ ನಿಂತಿರುವುದು ಕೇಸಿನ ತೂಕದ ನಡು ಎಲ್ಲಿದೆ ಅನ್ನುವುದರ ಮೇಲೆ. ಆ ನಡು ಜರುಗಿದರೆ ಲೆಕ್ಕ ತಪ್ಪುತ್ತದೆ.

ಮುಖ್ಯ ಕಳ್ಳ .380 ಎಸಿಪಿ ಎಂಬ ಬೇರೆ ಪಿಸ್ತೂಲ್ ತೋಟೆಯ ಕೇಸ್. ಉದ್ದ 0.680 ಇಂಚು, 9 ಎಂಎಂಗಿಂತ ಸುಮಾರು 2 ಮಿ.ಮೀ. ಗಿಡ್ಡ, ರಿಮ್ (ಬುಡದ ಅಂಚಿನ ಅಗಲ) 0.374 ಇಂಚು, 9 ಎಂಎಂನದು 0.394. ರಾಶಿಯಲ್ಲಿ ಕಣ್ಣಿಗೆ ಬೇರೆಯಾಗಿ ಕಾಣುವುದೇ ಇಲ್ಲ. ಕಚ್ಚಿನಲ್ಲಿ ಜಾಗ ಮಿಕ್ಕು ಅತ್ತಿತ್ತ ಜಾರಿ, ಯಾವ ತುದಿ ಬೇಕಾದರೂ ಮೊದಲು ಬೀಳಬಹುದು. 9 ಮಕಾರೊವ್ ಕೇಸ್ 18 ಮಿ.ಮೀ., ಅದೂ ಇದೇ ಜಾತಿ. ಮೂರನೆಯದು .22 ಖಾಲಿ ಕೇಸ್. ಅದು 9 ಎಂಎಂ ಬಾಯೊಳಗೆ ಹೊಕ್ಕು ಕೂತಿರುತ್ತದೆ, ಬಾಯಿಯ ಕಡೆ ತೂಕ ಹೆಚ್ಚಿ ಕೇಸ್ ಮಗುಚುತ್ತದೆ, ಮುಂದೆ ಡಿಕ್ಯಾಪಿಂಗ್ ಪಿನ್ನನ್ನೂ ಮುರಿಯುತ್ತದೆ. ಹಾಗೆಯೇ 9 ಎಂಎಂ ಕೇಸ್ .40ರೊಳಗೆ ಅಡಗುತ್ತದೆ, .40 ಕೇಸ್ .45ರೊಳಗೆ. ತೊಳೆಯುವ ಮುಂಚೆಯೇ ಇವನ್ನು ಬೇರ್ಪಡಿಸಬೇಕು. ಜೊತೆಯಾಗಿ ತೊಳೆದರೆ ಒಳಗಿನದು ಬಿಗಿದುಕೊಂಡು ಇಕ್ಕಳಕ್ಕೂ ಬಗ್ಗುವುದಿಲ್ಲ.

ಸೀಳುಗಳಿರುವ ಜರಡಿ ತಟ್ಟೆಗಳು .45, .40, 9 ಎಂಎಂಗಳನ್ನು ಚೆನ್ನಾಗಿ ಬೇರೆ ಮಾಡುತ್ತವೆ. ಆದರೆ 9 ಎಂಎಂ ಮತ್ತು .380ರ ದಪ್ಪ ಹತ್ತಿರ ಹತ್ತಿರ, .380ಕ್ಕೆಂದೇ ಸೀಳಿರುವ ನಾಲ್ಕನೇ ತಟ್ಟೆ ಇಲ್ಲದಿದ್ದರೆ ಅವು ಒಟ್ಟಿಗೇ ಇಳಿಯುತ್ತವೆ. ತಟ್ಟೆ ಇಲ್ಲದವರು ಕೇಸ್‌ಗಳನ್ನು ಬಾಯಿ ಮೇಲಾಗಿ ಅಡ್ಡಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ ಪಕ್ಕದಿಂದ ನೋಡಬೇಕು, ಗಿಡ್ಡವು ಗುಂಡಿಯಂತೆ ಎದ್ದು ಕಾಣುತ್ತವೆ. ಅದೇ ನೋಟದಲ್ಲಿ ಒಳಗೆ ಮೆಟ್ಟಿಲಿರುವ ಕೇಸ್‌ಗಳನ್ನೂ ಆರಿಸಿ ಎಸೆಯಿರಿ. ಅವುಗಳ ಒಳಜಾಗ ಕಡಿಮೆ, ಅದೇ ಪ್ರಮಾಣದ ಪೌಡರಿಗೆ ಒತ್ತಡ ಹೆಚ್ಚಾಗುತ್ತದೆ. ಸ್ಟೀಲ್ ಕೇಸಿಗೆ ಅಯಸ್ಕಾಂತ ಹಿಡಿಯಿರಿ. ಬರ್ಡನ್ ಪ್ರೈಮರ್ ಎಂಬ ಬೇರೆ ಬಗೆಯವುಗಳ ತಳದಲ್ಲಿ ಒಂದರ ಬದಲು ಎರಡು ಸಣ್ಣ ತೂತು, ಪಿನ್ ಮುರಿಯಲು ಅವೇ ಸಾಕು.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ರೇಂಜಿನ ರಾಶಿಯಲ್ಲಿ ಹಾರದೇ ಉಳಿದ ಜೀವಂತ ತೋಟೆಗಳೂ ಇರುತ್ತವೆ. ಅಂಥದ್ದು ಸೈಜಿಂಗ್ ಡೈ ಕೆಳಗೆ ಬರಬಾರದು. ಬೋಗುಣಿಗೆ ಸುರಿಯುವ ಮುಂಚೆ ಪ್ರತಿ ಕೇಸೂ ಒಮ್ಮೆ ಕಣ್ಣು ದಾಟಿ ಹೋಗಲೇಬೇಕು.

ಲ್ಯಾನೋಲಿನ್ ವಿಷಯ. ಒಂದು ಪಾಲು ದ್ರವ ಲ್ಯಾನೋಲಿನ್‌ಗೆ ಹತ್ತು ಹನ್ನೆರಡು ಪಾಲು 99 ಪರ್ಸೆಂಟ್ ಐಸೊಪ್ರೊಪಿಲ್ ಆಲ್ಕೊಹಾಲ್. ಸ್ಪ್ರೇ ಹೊಡೆದು ಉರುಳಿಸಿ, ಗಾಳಿಯಾಡುವ ಜಾಗದಲ್ಲಿ ಬೆಂಕಿಯಿಂದ ದೂರ ಹದಿನೈದು ನಿಮಿಷ ಬಿಡಿ. ಆಲ್ಕೊಹಾಲ್ ಆರುವ ಮುಂಚೆ ಬೋಗುಣಿಗೆ ಸುರಿದರೆ ಕೇಸ್ ಪ್ಲಾಸ್ಟಿಕ್ಕಿಗೆ ಅಂಟುತ್ತದೆ, ಬೀಳಬೇಕಾದ ಜಾಗದಲ್ಲಿ ಬುಡ ಜಾರುವುದು ಅರೆಕ್ಷಣ ತಡವಾಗುತ್ತದೆ, ಅಷ್ಟರಲ್ಲಿ ತಟ್ಟೆ ಮುಂದೆ ಹೋಗಿರುತ್ತದೆ. ಕಾರ್ಬೈಡ್ ಡೈಗೆ (ಒಳಗೆ ತೀರಾ ಗಟ್ಟಿ ಬಳೆ ಇರುವಂಥದ್ದು) ಪಿಸ್ತೂಲಿನ ಕೇಸಿನ ಮೇಲೆ ಲ್ಯೂಬ್ (ಜಾರಿಸುವ ಜಿಡ್ಡು) ಬೇಕೇ ಬೇಕೆಂದಿಲ್ಲ. ಆದರೂ ಪಿನ್ನಿನಲ್ಲಿ ತೊಳೆದ ಕೇಸ್ ಒಳಗಿನಿಂದ ತೀರಾ ಒಣಗಿ ಪೌಡರ್ ಫನಲ್ಲಿಗೆ (ಮದ್ದು ಇಳಿಯುವ ನಳಿಕೆ) ಕಚ್ಚಿಕೊಳ್ಳುತ್ತದೆ, ಹಾಗಾಗಿ ತುಸು ಹೊಡೆಯುವುದೇ ಒಳ್ಳೆಯದು. ತುಸು.

ಹುಬ್ಬಳ್ಳಿ_ಹ್ಯೂಸ್ಟನ್

ಬೋಗುಣಿ ತುಂಬಿಸಬ್ಯಾಡ್ರಿ. ಅರ್ಧ ರೋಗ ಅಲ್ಲೇ ಐತಿ. ಡಬ್ಬಿ ಮ್ಯಾಲೆ ಐನೂರು ಹಿಡೀತದ ಅಂತ ಬರದಿದ್ರೂ 9 ಎಂಎಂಕ್ಕ ಇನ್ನೂರರಿಂದ ಇನ್ನೂರೈವತ್ತು ಸಾಕು. ತಟ್ಟಿ ಅರ್ಧಕ್ಕಿಂತ ಮ್ಯಾಲ ಬರಿ ತಟ್ಟಿನ ಕಾಣಬೇಕು, ರಾಶಿ ಕೆಳಗ ಅರ್ಧದಾಗ ಇರಬೇಕು. ರಾಶಿ ಹೆಚ್ಚಾದ್ರ ಏನಾಗ್ತದ? ಒಂದು ಕಚ್ಚಿನಾಗ ಎರಡನೇ ಕೇಸು ಸವಾರಿ ಮಾಡ್ತದ, ಬೀಳೂ ಹೊತ್ತಿಗೆ ಮ್ಯಾಲಿಂದು ಕೆಳಗಿಂದಕ್ಕ ಒದೀತದ, ಅದು ಪಲ್ಟಿ.

ತಟ್ಟಿ ಸರಿ ಐತೇನು ನೋಡ್ರಿ. 9 ಎಂಎಂಕ್ಕ ಸಣ್ಣ ಪಿಸ್ತೂಲಿನ ತಟ್ಟಿ, .45ಕ್ಕ ದೊಡ್ಡ ಪಿಸ್ತೂಲಿಂದು, .223ಕ್ಕ ಸಣ್ಣ ರೈಫಲ್, .308ಕ್ಕ ದೊಡ್ಡ ರೈಫಲ್. ದೊಡ್ಡ ಪಿಸ್ತೂಲಿನ ತಟ್ಟಿಯೊಳಗ 9 ಎಂಎಂ ನಡೀತದ ಅನ್ನಿಸ್ತದ, ಖರೆ ನಡಿಯೂದಿಲ್ಲ.

ತಟ್ಟಿಗೂ ಬೋಗುಣಿ ತಳಕ್ಕೂ ನಡುವ ಸಂದು ಹೆಚ್ಚಿದ್ರ ಕೇಸಿನ ಬಾಯಿ ಅದರಾಗ ತೂರಿ ಕರಕರ ಸಪ್ಪಳ ಬರ್ತದ. ನಡುವಿನ ಸ್ಕ್ರೂ ಬಿಚ್ಚಿ ತಟ್ಟಿ ಕೆಳಗ ಇಳಿಸ್ರಿ, ತಳಕ್ಕ ತಿಕ್ಕದ ಹಂಗ ಸುತ್ತಲೂ ಸಮ ಇರಬೇಕು. ಒಂದು ಕಡೆ ತಿಕ್ಕಿ ಇನ್ನೊಂದು ಕಡೆ ಸಂದು ಬಿಟ್ರ ತಟ್ಟಿ ಡೊಂಕು, ಇಲ್ಲಾ ಕೆಳಗ ಹಿತ್ತಾಳಿ ಚೂರು ಸಿಕ್ಕೊಂಡದ.

ಮೋಟಾರ್ ಮತ್ತ ತಟ್ಟಿ ನಡುವಿನ ಕ್ಲಚ್ ಹಿಂಗ ನೋಡ್ರಿ. ಬೋಗುಣಿ ಖಾಲಿ ಮಾಡಿ ಮೋಟಾರ್ ಹಚ್ಚಿ, ತಟ್ಟಿ ನಟ್ಟನಡುವ ಅಂಗೈ ಒತ್ತಿ ಹಿಡೀರಿ, ಅಂಚಿಗೆ ಬಳ್ಳು ಹಚ್ಚಬ್ಯಾಡ್ರಿ. ಹಗುರ ಒತ್ತಿದ್ರ ತಿರಗಬೇಕು, ಜೋರು ಒತ್ತಿದ್ರ ಕ್ಲಚ್ ಜಾರಿ ತಟ್ಟಿ ನಿಂದರಬೇಕು. ಭಾಳ ಬಿಗಿ ಮಾಡಿದ್ರ ಕೇಸು ಸಿಕ್ಕೊಂಡಾಗ ಕಚ್ಚಿನ ಅಂಚು ಮುರೀತದ ಇಲ್ಲಾ ಗೇರ್ ಹೋಗ್ತದ. ಭಾಳ ಸಡಿಲ ಆದ್ರ ಇನ್ನೂರು ಕೇಸಿನ ಭಾರಕ್ಕ ತಟ್ಟಿ ನಿಂತಬಿಡ್ತದ, ನೀವು ಸ್ವಿಚ್ ಕೆಟ್ಟದ ಅಂತೀರಿ. ಅರ್ಧ ಖಾಲಿ ಆದ್ರೂ ಶುರು ಆಗಲಿಲ್ಲ ಅಂದ್ರಿ, ಆವಾಗ ಮೋಟಾರಿನ ಸಪ್ಪಳ ಇತ್ತೋ ಇಲ್ಲೋ? ಸಪ್ಪಳ ಇತ್ತು ತಟ್ಟಿ ತಿರಗಲಿಲ್ಲ ಅಂದ್ರ ಕ್ಲಚ್. ಸಪ್ಪಳಾನ ಇಲ್ಲಂದ್ರ ಸ್ವಿಚ್.

ವೇಗ ಎರಡು ಇದ್ರ ನಿಧಾನದ್ದು ಇಡ್ರಿ. ತಾಸಿಗೆ ಸಾವಿರ ಹೊಡಿಯೂ ಹುಚ್ಚು ಬ್ಯಾಡ.

ಬುಡದಿಂದ_ಬನ್ನಿ

ಕ್ಲಚ್ಚಿನ ಸಪ್ಪಳದ ಪ್ರಶ್ನೆ ನಾನು ಬಿಟ್ಟಿದ್ದೆ, ಅದನ್ನೇ ಮೊದಲು ನೋಡಿ. ವೇಗದ ಬಗ್ಗೆ ಮಾತ್ರ ಪೂರ್ತಿ ಒಪ್ಪುವುದಿಲ್ಲ. ಕೊಳವೆಯಲ್ಲಿ ಯಾವಾಗಲೂ ಐದಾರು ಕೇಸ್ ಇರಬೇಕು, ಮೇಲಿನವುಗಳ ಭಾರವೇ ಕೆಳಗಿನದನ್ನು ಅಡಾಪ್ಟರಿಗೆ ನೆಟ್ಟಗೆ ಇಳಿಸುತ್ತದೆ. ತಟ್ಟೆ ತೀರಾ ನಿಧಾನವಾಗಿ ಕೊನೆಯ ಎರಡು ಕೇಸ್ ಮಾತ್ರ ಉಳಿದರೆ ಅವು ಅಡ್ಡಾದಿಡ್ಡಿ ಬೀಳುತ್ತವೆ. ನಿಮ್ಮ ಕೈಯ ವೇಗಕ್ಕಿಂತ ತಟ್ಟೆ ಚೂರು ಮುಂದಿರಲಿ, ಅಷ್ಟು ಸಾಕು.

ಮೂರು_ಡಿ_ಮಂಜ

ಮನೆಯಲ್ಲೇ ಪ್ರಿಂಟ್ ಮಾಡಿದ ಫೀಡರ್ ಇರುವವರಿಗೂ ಇದು ಉಪಯೋಗ. ಲಿವರಿನ ಜೊತೆ ಗುದ್ದಾಡುವ ಬದಲು ಇಂಡಕ್ಟಿವ್ ಸೆನ್ಸರ್ ಹಾಕಬಹುದು. 12 ಮಿ.ಮೀ. ವ್ಯಾಸದ, 4 ಮಿ.ಮೀ. ದೂರಕ್ಕೆ ಹಿಡಿಯುವವು ಅಗ್ಗಕ್ಕೆ ಸಿಗುತ್ತವೆ. ಆದರೆ ಆ 4 ಮಿ.ಮೀ. ಕಬ್ಬಿಣಕ್ಕೆ ಹೇಳಿದ ಲೆಕ್ಕ. ಹಿತ್ತಾಳೆಗೆ ಅದರ ಅರ್ಧವೂ ಸಿಗುವುದಿಲ್ಲ, ಒಂದೂವರೆ ಮಿ.ಮೀ. ಎಂದೇ ಇಟ್ಟುಕೊಳ್ಳಿ. ಕೊಳವೆಯ ಗೋಡೆಯೇ ಅಷ್ಟು ದಪ್ಪವಿದ್ದರೆ ಸೆನ್ಸರಿಗೆ ಕೇಸ್ ಕಾಣುವುದೇ ಇಲ್ಲ. ಗೋಡೆಯಲ್ಲಿ 12 ಮಿ.ಮೀ. ತೂತು ಕೊರೆದು, ಸೆನ್ಸರಿನ ಮುಖವನ್ನು ಒಳಗೋಡೆಯ ಮಟ್ಟಕ್ಕೆ ತಂದು ನಟ್ ಬಿಗಿಯಬೇಕು. ಮುಖ ಒಳಕ್ಕೆ ಚಾಚಿದರೆ ಕೇಸ್ ಸಿಕ್ಕಿಹಾಕಿಕೊಳ್ಳುತ್ತದೆ.

ಸೆನ್ಸರಿನ ಮುಖ ಅಗಲ ಇರುವುದರಿಂದ ಎಕ್ಸ್‌ಟ್ರಾಕ್ಟರ್ ತೋಡಿನ ಸಮಸ್ಯೆ ಬರುವುದಿಲ್ಲ. ಬೀಳುತ್ತಿರುವ ಕೇಸನ್ನೂ ಅದು ನೋಡಿಬಿಡುತ್ತದೆ, ಪ್ರತಿ ಸಲ ಮೋಟಾರ್ ಟಕ್ ಟಕ್ ಎಂದು ನಿಂತು ಹೊರಡುತ್ತದೆ. ನಡುವೆ ಟೈಮರ್ ರಿಲೇ ಹಾಕಿ ಅರ್ಧ ಸೆಕೆಂಡು ಸತತ ಕಂಡರೆ ಮಾತ್ರ ನಿಲ್ಲುವಂತೆ ಇಟ್ಟರೆ ಅದೂ ಮುಗಿಯಿತು. ಇದು 12 ವೋಲ್ಟ್ ಡಿಸಿ ಮೋಟಾರಿನ ಫೀಡರಿಗೆ ಹೇಳಿದ್ದು. ಗೋಡೆಯ ಕರೆಂಟಿನಲ್ಲೇ ನಡೆಯುವ ಮೋಟಾರಿನ ವೈರಿಂಗ್ ಮುಟ್ಟಬೇಡಿ.

ಇನ್ನೊಂದು ಸಣ್ಣ ಸಲಹೆ. ಕೊಳವೆಯ ಹಿಂದೆ ಬಿಳಿ ಎಲ್‌ಇಡಿ ಪಟ್ಟಿ ಅಂಟಿಸಿ. ತಲೆಕೆಳಗಾದ ಕೇಸ್ ಸಾಲಿನಲ್ಲಿ ಇಳಿಯುವಾಗಲೇ ಕಣ್ಣಿಗೆ ಬೀಳುತ್ತದೆ, ಡೈ ಕೆಳಗೆ ಬರುವ ಮುಂಚೆ ನಿಲ್ಲಿಸಬಹುದು.

ಮಡಿಕೇರಿ_ಮಂಜು

ಊರಿನಿಂದ ಓದುತ್ತಿದ್ದೇನೆ. ನಮ್ಮಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ, ಹಾಗಾದರೆ ತೋಟೆ ರೀಲೋಡ್ ಮಾಡಲು ಇಂಥ ಪ್ರೆಸ್ ತರಿಸಬಹುದೇ?

ಸಗಣಿಹಳ್ಳಿ_ಶೂಟರ್

ಬೇಡ ಮಂಜಣ್ಣ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಮದ್ದುಗುಂಡು ತಯಾರಿಕೆಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. ಅಮೆರಿಕದಲ್ಲಿ ಸ್ವಂತ ಬಳಕೆಗೆ ರೀಲೋಡ್ ಮಾಡಲು ಫೆಡರಲ್ ಲೈಸೆನ್ಸ್ ಬೇಡ, ಮಾರುವುದಾದರೆ ಮಾತ್ರ ಟೈಪ್ 06 ಲೈಸೆನ್ಸ್. ಈ ಥ್ರೆಡ್ಡಿನ ಮಾತೆಲ್ಲ ಅಲ್ಲಿಗೆ ಸೇರಿದ್ದು.

ಹಿತ್ತಾಳೆ_ಡಬ್ಬಿ

ಎಲ್ಲರಿಗೂ ಧನ್ಯವಾದ. ಹಾಳೆಯ ಚೂರು ಸಲೀಸಾಗಿ ಬಂತು, ಸ್ಲೈಡ್ ಮುಂದಕ್ಕೆ ತಂದ ಮೇಲೆ ಕೇಸ್ ನೆಟ್ಟಗೆ ನಿಲ್ಲುತ್ತಿದೆ. ಮೋಟಾರಿನ ಸಪ್ಪಳ ಇರಲಿಲ್ಲ, ಅಂದರೆ ಸ್ವಿಚ್ಚೇ. ಲಿವರಿನ ತುದಿ ಮಡಚಿದೆ, ಈಗ ಸರಿ. ಅಡ್ಡಪೆಟ್ಟಿಗೆಯಲ್ಲಿ ನಿಲ್ಲಿಸಿದರೆ .380 ಸಾಕಷ್ಟು ಸಿಕ್ಕವು.

ಆದರೂ ಅಪರೂಪಕ್ಕೊಂದು ಮಗುಚುವುದು ಉಳಿದಿದೆ. ಇನ್ನೇನು ಮಾಡಲಿ? ಮತ್ತೆ, ಕೇಸ್ ಬಾರದೇ ಒಂದು ಸ್ಟೇಷನ್ ಖಾಲಿ ಹೋದರೆ ಅಪಾಯ ಏನಾದರೂ ಇದೆಯೇ? ಮುಂದೆ .223 ಕೂಡ ಇದೇ ಫೀಡರಿನಲ್ಲಿ ಮಾಡುವ ಯೋಚನೆ ಇದೆ.

ಬುಡದಿಂದ_ಬನ್ನಿ

ನೂರಾರು ಕೇಸಿಗೆ ಒಂದು ಮಗುಚಿದರೆ ಬಿಟ್ಟುಬಿಡಿ. ಸೊನ್ನೆ ಮಾಡಲು ಹೊರಟವರು ಸರಿಯಿದ್ದುದನ್ನೂ ಕೆಡಿಸಿಕೊಳ್ಳುತ್ತಾರೆ. ತಲೆಕೆಳಗಾದ ಕೇಸ್ ಶೆಲ್‌ಪ್ಲೇಟಿಗೆ ಸರಿಯಾಗಿ ಹೊಗುವುದಿಲ್ಲ, ಹ್ಯಾಂಡಲ್ ಗಟ್ಟಿ ಎನಿಸುತ್ತದೆ. ಎನಿಸಿದ ಕೂಡಲೇ ನಿಲ್ಲಿಸಿ, ಒತ್ತಬೇಡಿ.

ಖಾಲಿ ಸ್ಟೇಷನ್ ತಾನಾಗಿ ದೊಡ್ಡ ಅಪಾಯವಲ್ಲ. ಪೌಡರ್ ಅಳೆಯುವ ಯಂತ್ರವನ್ನು ಕೇಸೇ ಎತ್ತಿ ನಡೆಸುವ ವಿನ್ಯಾಸದಲ್ಲಿ ಕೇಸ್ ಇಲ್ಲದಿದ್ದರೆ ಪೌಡರ್ ಬೀಳುವುದಿಲ್ಲ. ಪ್ರೈಮರಿನ ಕಡೆ ಮಾದರಿಯಿಂದ ಮಾದರಿಗೆ ವ್ಯತ್ಯಾಸವಿದೆ. ಡಿಲ್ಲನ್ ಕಂಪನಿಯ ಎಕ್ಸ್‌ಎಲ್ 650ರಲ್ಲಿ ಪ್ರೈಮರ್ ಹೊತ್ತ ಚಕ್ರ ಪ್ರತಿ ಹೊಡೆತಕ್ಕೂ ಮುಂದೆ ಹೋಗುತ್ತದೆ, ಬಳಕೆಯಾಗದ ಪ್ರೈಮರ್ ಕಾಲುವೆಯಲ್ಲಿ ಜಾರಿ ಬಟ್ಟಲಿಗೆ ಬೀಳುತ್ತದೆ. ಎಕ್ಸ್‌ಎಲ್ 750ರಲ್ಲಿ ಹಿಂದೆ ಮುಂದೆ ಹೋಗುವ ಸ್ಲೈಡರ್, ಕೇಸ್ ಬಾರದಿದ್ದರೆ ಪ್ರೈಮರ್ ಬಟ್ಟಲಲ್ಲೇ ಕೂತಿರುತ್ತದೆ. ನಿಮ್ಮದು ಹೇಗೆ ಎಂದು ಒಂದೆರಡು ಸುತ್ತು ಕೈಯಲ್ಲಿ ನೋಡಿಟ್ಟುಕೊಳ್ಳಿ.

ನಿಜವಾದ ಅಪಾಯ ಇರುವುದು ತಡೆ ಬಿಡಿಸುವಾಗ. ಹ್ಯಾಂಡಲನ್ನು ಅರ್ಧ ಏರಿಸಿ ಅರ್ಧ ಇಳಿಸಿ ಒದ್ದಾಡಿದರೆ ಅದೇ ಕೇಸಿಗೆ ಪೌಡರ್ ಎರಡನೇ ಸಲ ಬೀಳಬಹುದು, ಇಲ್ಲವೇ ಅರೆಬರೆ ಬೀಳಬಹುದು. 9 ಎಂಎಂನಲ್ಲಿ ಬಳಸುವ ಕೆಲವು ಪೌಡರುಗಳ ಪ್ರಮಾಣ ಎಷ್ಟು ಕಡಿಮೆಯೆಂದರೆ ಎರಡರಷ್ಟು ಬಿದ್ದರೂ ಕೇಸ್ ಉಕ್ಕುವುದಿಲ್ಲ, ಅಂಥ ತೋಟೆ ಪಿಸ್ತೂಲನ್ನೇ ಒಡೆಯುತ್ತದೆ. ಏನೇ ತಡೆಯಾಗಲಿ, ಎರಡನೇ ಸ್ಟೇಷನ್ನಿನಿಂದ ಮುಂದಿರುವ, ಬುಲೆಟ್ ಕೂರಿಸದ ಎಲ್ಲ ಕೇಸ್‌ಗಳನ್ನೂ ತೆಗೆದು ಪೌಡರ್ ವಾಪಸ್ ಸುರಿದು ಹೊಸದಾಗಿ ಶುರು ಮಾಡಿ. ಮೂರನೇ ಸ್ಟೇಷನ್ ಖಾಲಿ ಇದ್ದರೆ ಪೌಡರ್ ಚೆಕ್ (ಕೇಸಿನೊಳಗಿನ ಮದ್ದಿನ ಮಟ್ಟ ನೋಡುವ ಸಾಧನ) ಹಾಕಿ. ಅದು ಎರಡರಷ್ಟನ್ನೂ ಸೊನ್ನೆಯನ್ನೂ ಹಿಡಿಯುತ್ತದೆ, ಸಣ್ಣ ವ್ಯತ್ಯಾಸ ಹಿಡಿಯುವುದಿಲ್ಲ. ಆದ್ದರಿಂದ ಬುಲೆಟ್ ಇಡುವ ಮುಂಚೆ ಪ್ರತಿ ಕೇಸಿನೊಳಗೆ ಕಣ್ಣು ಹಾಯಿಸಿ, ಅಲ್ಲಿಗೂ ಒಂದು ದೀಪ ಬೇಕು. ಕನ್ನಡಕ ಯಾವಾಗಲೂ ಹಾಕಿಕೊಂಡಿರಿ.

ಸಗಣಿಹಳ್ಳಿ_ಶೂಟರ್

.223ಕ್ಕೆ ತಟ್ಟೆ, ಅಡಾಪ್ಟರ್, ಶೆಲ್‌ಪ್ಲೇಟ್, ಕೇಸ್ ಹಿಡಿಯುವ ಗುಂಡಿಗಳು, ಪೌಡರ್ ಫನಲ್, ಡೈ ಎಲ್ಲ ಬದಲಾಗುತ್ತವೆ. ಸ್ಲೈಡನ್ನು ಮತ್ತೆ ಹಾಳೆಯಿಂದ ಅಳೆಯಿರಿ, 9 ಎಂಎಂನ ರಿಮ್ 0.394 ಇಂಚು, .223ಕ್ಕೆ 0.378. ಕೇಸ್ 1.760 ಇಂಚು ಉದ್ದ, 40 ಸೆಂ.ಮೀ. ಕೊಳವೆಗೆ ಒಂಬತ್ತರ ಹತ್ತಿರ ಮಾತ್ರ ಹಿಡಿಯುತ್ತವೆ. ಹಾಗಾಗಿ ಇಲ್ಲಿ ಹುಬ್ಬಳ್ಳಿಯವರ ನಿಧಾನದ ವೇಗ ನಡೆಯುವುದಿಲ್ಲ.

ಒಂದೇ ಸುತ್ತಿನಲ್ಲಿ ಮುಗಿಸಲು ಹೋಗಬೇಡಿ. ಮೊದಲ ಸುತ್ತಿನಲ್ಲಿ ಲ್ಯೂಬ್ ಹಾಕಿ ಸೈಜಿಂಗ್ ಮತ್ತು ಡಿಕ್ಯಾಪಿಂಗ್ ಮಾತ್ರ; ರೈಫಲ್ ಕೇಸಿಗೆ ಲ್ಯೂಬ್ ಇಲ್ಲದಿದ್ದರೆ ಡೈಯಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಉದ್ದ ಕತ್ತರಿಸಿ, ಮಿಲಿಟರಿ ಕೇಸ್‌ಗಳ ಪ್ರೈಮರ್ ಜಾಗದ ಕ್ರಿಂಪ್ (ಒತ್ತಿ ಬಿಗಿದ ಅಂಚು) ತೆಗೆದು, ಲ್ಯೂಬ್ ತೊಳೆದು, ಎರಡನೇ ಸುತ್ತಿನಲ್ಲಿ ಲೋಡಿಂಗ್. ಎರಡನೇ ಸುತ್ತಿಗೆ ಕೇಸ್ ಒಣಗಿ ಚೊಕ್ಕಟವಾಗಿರುವುದರಿಂದ ಫೀಡರ್ ಸಲೀಸಾಗಿ ನಡೆಯುತ್ತದೆ, ತಡೆಯೆಲ್ಲ ಮೊದಲ ಸುತ್ತಿನಲ್ಲೇ. ಅದಕ್ಕೆ ಬೋಗುಣಿಗೆ ನೂರಕ್ಕಿಂತ ಹೆಚ್ಚು ಬೇಡ, ದಿನದ ಕೊನೆಗೆ ತಟ್ಟೆಯನ್ನು ಆಲ್ಕೊಹಾಲಿನಲ್ಲಿ ಒರೆಸಿ.

ಇನ್ನೊಂದು ರೈಫಲ್ ತೋಟೆಯಾದ .300 ಬ್ಲ್ಯಾಕ್‌ಔಟ್ ಕೇಸಿನ ರಿಮ್ಮೂ 0.378 ಇಂಚೇ, ಉದ್ದ ಮಾತ್ರ 1.368. .223 ರಾಶಿಗೆ ಅದು ನುಗ್ಗಿದರೆ ಶೆಲ್‌ಪ್ಲೇಟಿನಲ್ಲಿ ತಡೆಯುವುದೇ ಇಲ್ಲ. ಕೊಳವೆಯಲ್ಲಿ ಗಿಡ್ಡ ಕೇಸ್ ಕಂಡರೆ ತೆಗೆಯಿರಿ.